ಡಿಸೆಂಬರ್ ರಾತ್ರಿಯ ಬಾದಾಮಿ ಹಾಲು: ರಸಿಕರಿಗೊಂದು ಕೈಪಿಡಿ

ಡಿಸೆಂಬರ್ ಬಂತೆಂದರೆ ಬಿಟಿಎಂ ಲೇಔಟಿನ ಪಿ.ಜಿ.ಗಳಲ್ಲಿ, ಜೆ.ಪಿ. ನಗರದ ಅಪಾರ್ಟ್‌ಮೆಂಟುಗಳಲ್ಲಿ ಹೊಸದಾಗಿ ಬಂದು ನೆಲೆಸಿದವರು ಕೇಳುವುದುಂಟು: ಇಲ್ಲಿ ಒಳ್ಳೆಯ ಎಗ್‌ನಾಗ್ ಎಲ್ಲಿ ಸಿಗುತ್ತದೆ? ಕ್ರಿಸ್‌ಮಸ್ ವಾರದಲ್ಲಿ ಎಂ.ಜಿ. ರಸ್ತೆ ಕಡೆಯ ದೊಡ್ಡ ಹೋಟೆಲುಗಳಲ್ಲಿ ವಿಚಾರಿಸಿ ನೋಡಬಹುದು. ಲಾಲ್‌ಬಾಗಿನಿಂದ ಈಚೆಗೆ, ದಕ್ಷಿಣ ಬೆಂಗಳೂರಿನಲ್ಲಿ ಮಾತ್ರ ಆ ಹೆಸರು ಹಿಡಿದು ಅಲೆಯುವುದು ಕಾಲಹರಣ. ಈ ಕಡೆ ಚಳಿಗೆ ಕುಡಿಯುವ ಬಿಸಿಬಿಸಿ ಗಟ್ಟಿ ಸಿಹಿ ಹಾಲು ಬಾದಾಮಿಯದು. ಅದು ವರ್ಷವಿಡೀ ಸಿಗುತ್ತದೆ, ನಿಜ. ಆದರೆ ಅದರ ಕಾಲ ಕಾರ್ತಿಕದ ಕೊನೆಗೆ, ಬಸವನಗುಡಿಯ ಕಡಲೆಕಾಯಿ ಪರಿಷೆಯಿಂದ ಶುರುವಾಗಿ ಧನುರ್ಮಾಸ ದಾಟಿ ಸಂಕ್ರಾಂತಿಯವರೆಗೆ.

ಎಗ್‌ನಾಗ್ ಬೇಕೇ ಬೇಕು ಅನ್ನುವವರಿಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಅದು ಮೊಟ್ಟೆಯ ಹಳದಿ, ಸಕ್ಕರೆ, ಹಾಲು, ಕೆನೆ ಸೇರಿಸಿ ಕಡೆದು, ಮೇಲೆ ಜಾಯಿಕಾಯಿ ತುರಿದು ಕುಡಿಯುವ ಪಾನೀಯ. ರಮ್ಮೋ ಬ್ರಾಂದಿಯೋ ಬೇಕಾದವರು ಬೆರೆಸಿಕೊಳ್ಳುತ್ತಾರೆ. 1826ರ ಕ್ರಿಸ್‌ಮಸ್ ಹಿಂದಿನ ರಾತ್ರಿ ಅಮೆರಿಕದ ವೆಸ್ಟ್ ಪಾಯಿಂಟ್ ಸೈನಿಕ ಅಕಾಡೆಮಿಯ ಹುಡುಗರು ವಿಸ್ಕಿಯನ್ನು ಕದ್ದುಮುಚ್ಚಿ ಒಳಗೆ ತಂದು, ಇದರಲ್ಲಿ ಬೆರೆಸಿ ಕುಡಿದು, ದೊಂಬಿಯನ್ನೇ ಎಬ್ಬಿಸಿದ್ದರು. ಬಾದಾಮಿ ಹಾಲು ಕುಡಿದು ಯಾರೂ ಕಿಟಕಿ ಒಡೆದದ್ದನ್ನು ನಾನು ಕೇಳಿಲ್ಲ. ಮನೆಯಲ್ಲಿ ಮಾಡುವುದಾದರೆ ಹಸಿ ಮೊಟ್ಟೆ ಹಾಕಬೇಡಿ. ಹಳದಿಯನ್ನು ಹಾಲಿನಲ್ಲಿ ಕದಡಿ, ಸಣ್ಣ ಉರಿಯಲ್ಲಿ 71 ಡಿಗ್ರಿ ಸೆಲ್ಸಿಯಸ್ ಮುಟ್ಟಿಸಿ. ಕುದಿಸಿದರೆ ಒಡೆದು ಗಂಟುಗಂಟಾಗುತ್ತದೆ. ಅಲ್ಲಿ ಹಾಲಿಗೆ ಜಿಡ್ಡು, ಗಟ್ಟಿತನ ಕೊಡುವುದು ಮೊಟ್ಟೆ. ಇಲ್ಲಿ ಅದೇ ಕೆಲಸ ಬಾದಾಮಿಯದು. ಹಾಗಾಗಿ ಎಗ್‌ನಾಗ್ ಹುಡುಕಿ ಬಂದವರಿಗೆ ಬಾದಾಮಿ ಹಾಲು ತೋರಿಸಿದರೆ ಮೋಸವೇನಲ್ಲ.

ಮೊದಲು ಹಾಲಿನ ವಿಷಯ. ದಕ್ಷಿಣ ಬೆಂಗಳೂರಿಗೂ ಹಾಲಿಗೂ ಹಳೆಯ ನಂಟು. 1923ರಲ್ಲಿ ಇಂಪೀರಿಯಲ್ ಪಶುಸಂಗೋಪನೆ ಮತ್ತು ಹೈನುಗಾರಿಕೆ ಸಂಸ್ಥೆ ಶುರುವಾದದ್ದು ಬೆಂಗಳೂರಿನಲ್ಲಿ. ಮುಂದೆ ರಾಷ್ಟ್ರೀಯ ಹೈನುಗಾರಿಕೆ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಅದರ ಕೇಂದ್ರ 1955ರಲ್ಲಿ ಈಗಿನ ಹರಿಯಾಣದ ಕರ್ನಾಲಿಗೆ ಹೋಯಿತು. ಆಡುಗೋಡಿಯಲ್ಲಿ ದಕ್ಷಿಣ ಪ್ರಾದೇಶಿಕ ಕೇಂದ್ರ ಉಳಿಯಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿಗೆ ಬಂದಿದ್ದ ಗಾಂಧೀಜಿ ದನ ಸಾಕುವ ಶಾಸ್ತ್ರ ಕಲಿಯಲು ಈ ಸಂಸ್ಥೆಗೆ ಹೋಗುತ್ತಿದ್ದರು. ಹಸುವಿನ ಹಾಲು ಮುಟ್ಟುವುದಿಲ್ಲವೆಂದು ವ್ರತ ಹಿಡಿದು ಮೇಕೆ ಹಾಲು ಕುಡಿಯುತ್ತಿದ್ದ ಮನುಷ್ಯ ಹಸುವಿನ ಪಾಠಕ್ಕೆ ಕೂತದ್ದು ನನಗೆ ಬಹಳ ಇಷ್ಟವಾದ ಸಂಗತಿ. ಈಗ ನಂದಿನಿ ಹಾಲಿನ ಕೆಎಂಎಫ್ ಕಚೇರಿ ಇರುವುದೂ ಅಲ್ಲೇ ಪಕ್ಕದಲ್ಲಿ. ಬಿಟಿಎಂ, ಬನ್ನೇರುಘಟ್ಟ ರಸ್ತೆಯವರು ದಿನಾ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಳ್ಳುವ ಡೈರಿ ಸರ್ಕಲ್ ಎಂಬ ಹೆಸರಿಗೆ ಕಾರಣ ಅಲ್ಲಿರುವ ಡೈರಿಯೇ.

ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಕೊಬ್ಬು ಶೇ. 3. ಶುಭಂನಲ್ಲಿ ಶೇ. 4.5, ಸಮೃದ್ಧಿಯಲ್ಲಿ ಶೇ. 6. ಕಾಫಿಗೆ ಯಾವುದಾದರೂ ನಡೆದೀತು. ಬಾದಾಮಿ ಹಾಲಿಗೆ ನೀಲಿ ಪ್ಯಾಕೆಟ್ ಸಾಲದು, ಏಕೆಂದರೆ ಏಲಕ್ಕಿ, ಜಾಯಿಕಾಯಿಗಳ ಪರಿಮಳ ಕರಗುವುದು ಜಿಡ್ಡಿನಲ್ಲಿ. ತೆಳು ಹಾಲಿಗೆ ಎಷ್ಟು ಏಲಕ್ಕಿ ಕುಟ್ಟಿ ಹಾಕಿದರೂ ಘಮ ಮೂಗಿಗೆ ಬಂದು ಹೋಗುತ್ತದೆ, ನಾಲಿಗೆಯ ಮೇಲೆ ನಿಲ್ಲುವುದಿಲ್ಲ.

ಇನ್ನು ಬಾದಾಮಿ. ಹೊಸಬರು ಮೋಸ ಹೋಗುವುದು ಇಲ್ಲಿಯೇ. ಲೋಟ ಕೈಗೆ ಬರುವ ಮೊದಲೇ ‘ಆಹಾ ಬಾದಾಮಿ!’ ಎನ್ನಿಸುವ ಜೋರು ವಾಸನೆ ಬಂದರೆ ಅದು ಬಹುಮಟ್ಟಿಗೆ ಎಸೆನ್ಸು. ಆ ವಾಸನೆ ಬೆಂಜಾಲ್ಡಿಹೈಡ್ ಎಂಬ ರಾಸಾಯನಿಕದ್ದು. ಪ್ರಕೃತಿಯಲ್ಲಿ ಅದು ಎದ್ದು ಕಾಣುವುದು ಕಹಿ ಬಾದಾಮಿಯಲ್ಲಿ. ಕಹಿ ಬಾದಾಮಿ ಅರೆದರೆ ಜೊತೆಗೆ ಸೈನೈಡೂ ಹುಟ್ಟುತ್ತದೆ, ಆದ್ದರಿಂದ ಅದನ್ನು ಯಾರೂ ಹಾಲಿಗೆ ಹಾಕುವುದಿಲ್ಲ. ನಾವು ತಿನ್ನುವ ಸಿಹಿ ಬಾದಾಮಿಗೆ ಮೂಗಿಗೆ ಹೊಡೆಯುವ ವಾಸನೆಯೇ ಇಲ್ಲ. ಅದರ ಗುಣವೆಲ್ಲ ಬಾಯಲ್ಲಿ: ತೂಕದಲ್ಲಿ ಸುಮಾರು ಅರ್ಧ ಎಣ್ಣೆ, ಐದರಲ್ಲೊಂದು ಪಾಲು ಪ್ರೋಟೀನು. ಅದು ಹಾಲಿಗೆ ಕೊಡುವುದು ಮೆತ್ತನೆಯ ಜಿಡ್ಡು ಮತ್ತು ತರಿ.

ಈ ತರಿಯೇ ಪರೀಕ್ಷೆ. ಕೈಯಾರೆ ಅರೆದ ಬಾದಾಮಿ ಎಷ್ಟೇ ನುಣ್ಣಗಾದರೂ ಸಣ್ಣ ರವೆ ಉಳಿಯುತ್ತದೆ. ನಾಲಿಗೆಗೆ ತಾಗುತ್ತದೆ, ಲೋಟದ ತಳಕ್ಕೆ ಇಳಿಯುತ್ತದೆ. ಕಸ್ಟರ್ಡ್ ಪುಡಿ ಹಾಕಿ ಗಟ್ಟಿ ಮಾಡಿದ ಹಾಲು ಮೊದಲ ಗುಟುಕಿಗೆ ಇನ್ನೂ ನಯವಾಗಿಯೇ ಅನ್ನಿಸೀತು. ಸ್ವಲ್ಪ ಆರಲಿ ಬಿಡಿ. ಅದರಲ್ಲಿರುವ ಮೆಕ್ಕೆಜೋಳದ ಪಿಷ್ಟ ಗಂಜಿಯ ಗುಣ ತೋರಿಸುತ್ತದೆ: ಆರುತ್ತಾ ಹೋದಂತೆ ಹಾಲು ಲೋಳೆಯಾಗುತ್ತದೆ, ತಳದಲ್ಲಿ ಮಾತ್ರ ಏನೂ ಇರುವುದಿಲ್ಲ. ಮೇಲೆ ಸೀಳಿದ ಬಾದಾಮಿ ಚೂರು ತೇಲಿಸಿದ್ದಾರೆಂದು ಒಳಗೂ ಇದೆ ಎಂದು ನಂಬಬೇಡಿ.

ಬಣ್ಣವನ್ನಂತೂ ನಂಬಲೇಬೇಡಿ. ನಿಜವಾದ ಕೇಸರಿ ಉಗುರುಬೆಚ್ಚಗಿನ ಹಾಲಿನಲ್ಲಿ ನಿಧಾನವಾಗಿ ಬಣ್ಣ ಬಿಡುತ್ತದೆ, ಬಿಟ್ಟ ಮೇಲೂ ಎಸಳು ಕೆಂಪಗೇ ಇರುತ್ತದೆ. ಹೋಟೆಲಿನ ಬೆಲೆಗೆ ಲೋಟದ ತುಂಬ ಕೇಸರಿ ಕೊಡಲು ಯಾರಿಂದಲೂ ಆಗದು. ಗಣೇಶನ ಹಬ್ಬದ ಪೆಂಡಾಲಿನಂಥ ಹಳದಿ ಕಂಡರೆ ಅದು ಪುಡಿಬಣ್ಣ. ನನ್ನ ಮಟ್ಟಿಗೆ ಒಳ್ಳೆಯ ಬಾದಾಮಿ ಹಾಲು ಕೆನೆಬಣ್ಣದ್ದು, ಹೆಚ್ಚೆಂದರೆ ತುಸು ಹೊಂಬಣ್ಣ.

ಎಲ್ಲಿ ಸಿಗುತ್ತದೆ? ಜಯನಗರದಲ್ಲಿ 1983ರಲ್ಲಿ ಕೆಫೆ ದರ್ಶಿನಿ ಶುರುವಾದಂದಿನಿಂದ ನಿಂತು ತಿನ್ನುವ ದರ್ಶಿನಿಗಳು ಈ ಬಡಾವಣೆಗಳ ಮೂಲೆಮೂಲೆಗೂ ಹಬ್ಬಿವೆ. ಅವುಗಳ ಬೋರ್ಡಿನಲ್ಲಿ ಕಾಫಿ, ಟೀ ಆದಮೇಲೆ ಹಾರ್ಲಿಕ್ಸ್, ಬೂಸ್ಟ್‌ಗಳ ನಡುವೆ ಬಾದಾಮಿ ಹಾಲಿನ ಹೆಸರು ಇದ್ದೇ ಇರುತ್ತದೆ. ಅಲ್ಲಿ ಸಾಮಾನ್ಯವಾಗಿ ಡಬ್ಬಿಯ ಪುಡಿಯನ್ನು ಬಿಸಿ ಹಾಲಿಗೆ ಕದಡಿ ಕೊಡುತ್ತಾರೆ. ಪುಡಿಯನ್ನು ತೀರಾ ಹಳಿಯಬೇಕಾಗಿಲ್ಲ, ಬೆಳಗಿನ ಅವಸರಕ್ಕೆ ಅದೇ ಸೈ. ಆದರೆ ಮನೆಗೆ ಕೊಳ್ಳುವಾಗ ಪ್ಯಾಕೆಟ್ಟಿನ ಹಿಂಬದಿ ಓದಿ: ಪದಾರ್ಥಗಳನ್ನು ಹೆಚ್ಚಿನಿಂದ ಕಡಿಮೆಗೆ ಬರೆಯುವುದು ನಿಯಮ. ಸಕ್ಕರೆ ಮೊದಲಿದ್ದರೆ ನೀವು ಕೊಳ್ಳುತ್ತಿರುವುದು ಬಾದಾಮಿ ಬೆರೆತ ಸಕ್ಕರೆ.

ರಸಿಕರು ಹುಡುಕಬೇಕಾದದ್ದು ಅಗಲ ಬಾಣಲೆ. ಸಂಜೆ ಏಳರ ಮೇಲೆ ಸಜ್ಜನ್‌ ರಾವ್ ಸರ್ಕಲ್ ಪಕ್ಕದ ವಿ.ವಿ. ಪುರಂ ತಿಂಡಿ ಬೀದಿಗೆ ಹೋಗಿ. ಜಯನಗರ 4ನೇ ಬ್ಲಾಕಿನ ಕಾಂಪ್ಲೆಕ್ಸ್ ಸುತ್ತಮುತ್ತ, ಬಿಟಿಎಂನ ಒಳರಸ್ತೆಗಳ ಗಾಡಿಗಳ ಮುಂದೆ ಅಡ್ಡಾಡಿ. ಹಾಲು ಸಣ್ಣ ಉರಿಯಲ್ಲಿ ಸುಮ್ಮನೆ ಕಾಯುತ್ತಿದೆಯೇ? ಬಾಣಲೆಯ ಅಂಚಿಗೆ ಕೆನೆ ಕಟ್ಟಿದೆಯೇ? ಮಾಡುವವನು ಆಗಾಗ ಸೌಟಿನಿಂದ ಅದನ್ನು ಕೆರೆದು ಒಳಗೆ ಸೇರಿಸುತ್ತಾನೆಯೇ? ಹಾಗಿದ್ದರೆ ನಿಲ್ಲಿ. ಹೊತ್ತೂ ಮುಖ್ಯ. ಸಂಜೆ ಆರಕ್ಕೆ ಹಾಲು ಇನ್ನೂ ತೆಳು. ಎಂಟೂವರೆ, ಒಂಬತ್ತರ ಹೊತ್ತಿಗೆ ಬತ್ತಿ ಹದಕ್ಕೆ ಬಂದಿರುತ್ತದೆ. ಹತ್ತರ ಮೇಲೆ ತಳ ಹಿಡಿದು ಸೀದ ವಾಸನೆ ಬರುವುದೂ ಉಂಟು. ಇಲ್ಲಿನ ಚಳಿ ಎಷ್ಟು ಮಹಾ ಎಂದು ಉತ್ತರದವರು ನಗಬಹುದು. 1884ರ ಜನವರಿ 13ರಂದು ಇದೇ ಊರು 7.8 ಡಿಗ್ರಿಗೆ ಇಳಿದಿತ್ತು. ಈಗಿನ ಡಿಸೆಂಬರಿನ ಹದಿನೈದು, ಹದಿನಾರು ಡಿಗ್ರಿಗೂ ನಾವು ಸ್ವೆಟರ್, ಮಂಕಿ ಕ್ಯಾಪ್ ತೆಗೆಯುವವರೇ, ಬಾದಾಮಿ ಹಾಲಿಗೆ ಅಷ್ಟು ನೆಪ ಸಾಕು.

ಕುಡಿಯುವ ಕ್ರಮ. ‘ಸಕ್ಕರೆ ಕಮ್ಮಿ’ ಎಂದು ಮೊದಲೇ ಹೇಳಿ. ಬಾಣಲೆಯಲ್ಲೇ ಸಕ್ಕರೆ ಬೆರೆಸಿಬಿಟ್ಟಿದ್ದರೆ ಬೇರೆ ಮಾತು. ಪೇಪರ್ ಕಪ್ಪಿಗಿಂತ ಗಾಜಿನ ಲೋಟ ವಾಸಿ, ತಳ ಕಾಣುತ್ತದೆ. ಮೊದಲ ಗುಟುಕಿಗೆ ನಾಲಿಗೆ ಸುಟ್ಟುಕೊಂಡರೆ ಉಳಿದದ್ದರ ರುಚಿ ಹೋದಂತೆ, ಊದಿ ಕಾಯಿರಿ. ನಡುನಡುವೆ ಲೋಟ ತಿರುಗಿಸಿ ತರಿ ಎಬ್ಬಿಸಿ. ಜೊತೆಗೆ ಕರಿದದ್ದು ಬೇಡ. ಬಾಯಿ ಖಾರವಾಗಿದ್ದರೆ, ಅಂದರೆ ತಿಂಡಿ ಬೀದಿಯಲ್ಲಿ ಬಜ್ಜಿ ತಿಂದಿದ್ದರೆ, ಹತ್ತು ನಿಮಿಷ ತಡೆದು ಕುಡಿಯಿರಿ.

ಕಾಫಿಯಂತೆ ಇದನ್ನು ಬೈಟು ಮಾಡಿಸಬಾರದು. ಮೊದಲು ಬಗ್ಗಿಸಿದ ಲೋಟಕ್ಕೆ ಬರೀ ಹಾಲು ಬರುತ್ತದೆ, ತರಿಯೆಲ್ಲ ಎರಡನೆಯವರ ಪಾಲು. ಯಾರೊಂದಿಗಾದರೂ ಹಂಚಿಕೊಳ್ಳಲೇಬೇಕಾದರೆ ಎರಡನೆಯ ಲೋಟ ನೀವು ತೆಗೆದುಕೊಳ್ಳಿ, ಕಾರಣ ಹೇಳಬೇಡಿ.

ಮನೆಯಲ್ಲಿ ಮಾಡಿದ್ದಕ್ಕೆ ಸಮ ಯಾವುದೂ ಇಲ್ಲ ಎನ್ನುವ ಹಿರಿಯರ ಮಾತು ಇಲ್ಲಿ ಸತ್ಯ, ಏಕೆಂದರೆ ಬಾದಾಮಿ ಎಷ್ಟೆಂಬುದು ನಿಮ್ಮ ಕೈಯಲ್ಲಿದೆ. ಗಾಂಧಿ ಬಜಾರಿನ ಗ್ರಂಥಿಗೆ ಅಂಗಡಿಯಲ್ಲಿ ಕ್ಯಾಲಿಫೋರ್ನಿಯಾ ಬಾದಾಮಿ ಕೊಂಡರೆ ಸಾಕು. ಇರಾನ್, ಅಫ್ಘಾನಿಸ್ತಾನದ ಕಡೆಯ ಮಾಮ್ರಾ ಹೆಚ್ಚು ಜಿಡ್ಡಿನದು, ಆದರೆ ಬಲು ದುಬಾರಿ. ಅರ್ಧ ಲೀಟರ್ ಸಮೃದ್ಧಿ ಹಾಲಿಗೆ ಇಪ್ಪತ್ತೈದು ಬಾದಾಮಿ. ರಾತ್ರಿ ನೆನೆಹಾಕಿ, ಬೆಳಿಗ್ಗೆ ಸಿಪ್ಪೆ ಸುಲಿದು, ಎರಡು ಚಮಚ ಹಾಲು ಹಾಕಿ ತರಿತರಿಯಾಗಿ ಅರೆಯಿರಿ. ಮಿಕ್ಸಿಯನ್ನು ನಿಲ್ಲಿಸಿ ನಿಲ್ಲಿಸಿ ತಿರುಗಿಸಿ, ಬಿಸಿಯೇರಿದರೆ ಎಣ್ಣೆ ಬಿಡುತ್ತದೆ. ಹಾಲನ್ನು ಐದನೇ ಒಂದು ಪಾಲು ಬತ್ತಿಸಿ, ಆಮೇಲೆ ಅರೆದದ್ದು ಸೇರಿಸಿ ಸಣ್ಣ ಉರಿಯಲ್ಲಿ ಐದಾರು ನಿಮಿಷ ಕೈಯಾಡಿಸಿ. ಹಸಿ ವಾಸನೆ ಹೋಗಬೇಕು. ಸಕ್ಕರೆ ಮೂರು ಚಮಚ. ಏಲಕ್ಕಿ ಒಲೆ ಆರಿಸಿದ ಮೇಲೆ, ಮೊದಲೇ ಹಾಕಿದರೆ ಘಮವೆಲ್ಲ ಅಡುಗೆಮನೆಗೆ. ಉತ್ತರ ಕನ್ನಡದ ಅಡಿಕೆ ತೋಟದವರು ನೆಂಟರಿದ್ದರೆ ಜಾಯಿಕಾಯಿ ತರಿಸಿಕೊಳ್ಳಿ, ಲೋಟಕ್ಕೆ ಎರಡೇ ಎರಡು ಉಜ್ಜು. ಎಗ್‌ನಾಗ್ ಕೇಳಿಕೊಂಡು ಬಂದ ಅತಿಥಿಗೆ ಆ ಲೋಟವನ್ನು ಏನೂ ಹೇಳದೆ ಕೊಡಿ.

ಉಳಿದದ್ದನ್ನು ಆರಿದ ಮೇಲೆ ಫ್ರಿಜ್ಜಿನಲ್ಲಿಡಿ. ಮರುದಿನ ಮತ್ತೆ ಕುದಿಸಬೇಡಿ. ತಣ್ಣಗೇ, ಐಸ್ ಹಾಕದೆ, ಚೆನ್ನಾಗಿ ಕದಡಿ ಕುಡಿಯಿರಿ. ಎರಡು ದಿನಕ್ಕಿಂತ ಹೆಚ್ಚು ಇಡಬಾರದು.