ಅಂಚು ತೀಡುವ ಹತಾರ

ಮಾದಾರ ಚೆನ್ನಯ್ಯನನ್ನು ಬಸವಣ್ಣ ಅಪ್ಪ ಎಂದು ಕರೆದ. ನಮ್ಮ ವಿಮರ್ಶಕರು ಈ ಮಾತನ್ನು ನೂರು ಸಲ ಬರೆದಿದ್ದಾರೆ. ಆ ಅಪ್ಪನ ಕೈಯಲ್ಲಿ ಏನಿತ್ತು ಎಂದು ಕೇಳಿದವರು ಮಾತ್ರ ಕಡಿಮೆ. ಅದನ್ನು ಚೆನ್ನಯ್ಯನೇ ಹೇಳಿಟ್ಟಿದ್ದಾನೆ. ಬಹುಪಾಲು ವಚನಕಾರರು ಅಂಕಿತಕ್ಕೆ ತಮ್ಮ ದೇವರ ಹೆಸರಿಟ್ಟುಕೊಂಡರೆ, ಈತ ತನ್ನ ಅಂಕಿತದೊಳಗೆ ಮೂರು ಹತಾರಗಳನ್ನೂ ತಂದಿಟ್ಟ: ಕೈಯುಳಿ, ಕತ್ತಿ, ಅಡಿಗೂಟ. ಇವುಗಳ ಕೆಳಗೆ ಬೀಳಬೇಡ, ನಿನ್ನ ನಿಜ ತಿಳಿದುಕೋ ಎಂಬುದು ಅದರ ತಾತ್ಪರ್ಯ.

ಇದನ್ನು ಓದಿದ ಕೂಡಲೇ ಪಂಡಿತರು ಅಧ್ಯಾತ್ಮಕ್ಕೆ ಹಾರುತ್ತಾರೆ. ಹತಾರಗಳು ರೂಪಕವಾಗಿಬಿಡುತ್ತವೆ. ರೂಪಕವಾದ ಮೇಲೆ ಅವಕ್ಕೆ ತೊಗಲಿನ ವಾಸನೆ ಹೋಗಿ ಗಂಧದ ವಾಸನೆ ಬರುತ್ತದೆ. ಸುಳ್ಳೇಕೆ, ನಾವೂ ಬಹಳ ಕಾಲ ಹಾಗೇ ಓದಿದವರು. ಅಥಣಿ ಕಡೆಯ ಹಿರಿಯ ಚಪ್ಪಲಿ ಕೆಲಸಗಾರರೊಬ್ಬರು ತಮ್ಮ ಹತಾರವನ್ನು ತಾವೇ ಮಾಡಿಕೊಳ್ಳುವುದನ್ನು ಒಂದು ದಿನ ಪೂರ್ತಿ ಕೂತು ನೋಡಿದ ಮೇಲೆ ಆ ಅಂಕಿತ ನಮಗೆ ಬೇರೆಯಾಗಿ ಕೇಳಿಸಿತು.

ಅದು ಅಂಚು ತೀಡುವ ಹತಾರ. ಎರಡು ಮೂರು ಪದರ ಸೇರಿಸಿ ಹೊಲಿದ ಅಟ್ಟೆಯ ಅಂಚನ್ನು ಹಾಗೇ ಬಿಟ್ಟರೆ ನಾರು ಬಿಚ್ಚಿಕೊಳ್ಳುತ್ತದೆ, ನೀರು ಕುಡಿಯುತ್ತದೆ, ಪದರ ಬಾಯಿ ಬಿಡುತ್ತದೆ. ಅಂಚನ್ನು ತುಸು ಒದ್ದೆ ಮಾಡಿ ಒತ್ತಿ ತೀಡಿದರೆ ತಿಕ್ಕಾಟದ ಬಿಸಿಗೆ ನಾರುಗಳೆಲ್ಲ ಮಲಗುತ್ತವೆ, ಒಂದಕ್ಕೊಂದು ಅಂಟುತ್ತವೆ, ಕೊನೆಗೆ ಹೊಳೆಯುತ್ತವೆ. ಜಾಲಿ ತೊಗಟೆ, ಅಳಲೆಕಾಯಿಗಳಲ್ಲಿ ಹದ ಮಾಡಿದ ತೊಗಲು ಹೀಗೆ ಮಾತು ಕೇಳುತ್ತದೆ. ಕ್ರೋಮ್ ಹದದ ತೊಗಲು ರಬ್ಬರಿನಂತೆ ಮತ್ತೆ ಎದ್ದು ನಿಲ್ಲುತ್ತದೆ.

ಪೇಟೆಯಲ್ಲಿ ಇಂಥದ್ದು ಸಿಗುವುದಿಲ್ಲವೇ ಎಂದು ಕೇಳಿದೆವು. “ಸಿಗತೈತ್ರಿ ಮಾಸ್ತರ. ಅದು ಯಾರ ತೊಗಲಿಗೋ ಮಾಡಿದ್ದು. ನನ್ನ ಅಟ್ಟಿ ದಪ್ಪ ಎಷ್ಟಂತ ಪ್ಯಾಟ್ಯಾಗಿನ ಮಂದಿಗೆ ಏನ್ ಗೊತ್ತು?” ಅಂದರು.

ಅವರು ತೆಗೆದುಕೊಂಡದ್ದು ಬೆರಳು ದಪ್ಪದ ಹಿತ್ತಾಳೆ ಸರಳಿನ ತುಂಡು. ಮೊದಲು ಅಟ್ಟೆಯ ಅಳತೆ. ಅಂಚು 6 ಮಿ.ಮೀ. ದಪ್ಪವಿದ್ದರೆ ಹಿತ್ತಾಳೆಯಲ್ಲಿ ಕೊರೆಯುವ ತೋಡು ಅದಕ್ಕಿಂತ ಕೂದಲೆಳೆಯಷ್ಟು ಅಗಲ. ಇಕ್ಕಟ್ಟಾದರೆ ಅಂಚಿನ ಮೂಲೆಯನ್ನು ಕಚ್ಚುತ್ತದೆ, ಸಡಿಲಾದರೆ ಮೂಲೆಗೆ ಒತ್ತು ಬೀಳುವುದೇ ಇಲ್ಲ. ದುಂಡು ಅರದಿಂದ ಉಜ್ಜಿ ಉಜ್ಜಿ ತೋಡಿನ ತಳವನ್ನು ದುಂಡಗೆ ಮಾಡಿದರು. ತೋಡಿನ ಎರಡು ತುಟಿಗಳ ಚೂಪು ಮುರಿದರು. ಆಮೇಲೆ ಎಮರಿ ಕಾಗದ: 220, 400, 600, 1000, ಇದೇ ಕ್ರಮ. ನಡುವೆ ಒಂದನ್ನು ಹಾರಿಸಿದರೆ ಹಿಂದಿನ ಗೀರು ಹಿತ್ತಾಳೆಯಲ್ಲೇ ಉಳಿಯುತ್ತದೆ, ನಾಳೆ ತೊಗಲಿನ ಮೇಲೆ ಅಚ್ಚೊತ್ತುತ್ತದೆ. ಕೊನೆಗೆ ಜಾಲಿ ಕಟ್ಟಿಗೆಯ ಹಿಡಿ ಹಾಕಿ ಚೂರು ತೊಗಲಿನ ಮೇಲೆ ತೀಡಿ ನೋಡಿದರು. ಒಂದು ಸಣ್ಣ ಗೀರು ಬಿತ್ತು. ಏನೂ ಮಾತಾಡದೆ ಮತ್ತೆ ಅರ ಹಿಡಿದರು.

ಇದು ವಿಮರ್ಶೆಯಲ್ಲವೇ? ಅಳೆದು ನೋಡುವುದು, ಪರೀಕ್ಷೆಗೆ ಒಡ್ಡುವುದು, ತಪ್ಪನ್ನು ತೊಗಲಿನ ಮೇಲೆ ಹೊರಿಸದೆ ತನ್ನ ಹತಾರದಲ್ಲಿ ಹುಡುಕುವುದು. ನಮ್ಮ ವಿಮರ್ಶೆ ಈ ಕೆಲಸ ಮಾಡಿದ್ದು ಅಪರೂಪ. ಕೃತಿ ತನ್ನ ಅಳತೆಗೆ ಕೂಡದಿದ್ದರೆ ಕೃತಿಯನ್ನೇ ಕೊಯ್ದದ್ದು ಹೆಚ್ಚು.

ಹಿತ್ತಾಳೆಯೇ ಏಕೆ? ಕಬ್ಬಿಣ ಒದ್ದೆ ತೊಗಲಿಗೆ ತಾಕಿದರೆ ಕಪ್ಪು ಹಿಡಿಯುತ್ತದೆ. ತೊಗಟೆಯ ಒಗರಿಗೂ ಕಬ್ಬಿಣಕ್ಕೂ ಹಾಗೊಂದು ನಂಟು. “ಕರಿ ಬೇಕಾದಾಗ ಕಬ್ಬಿಣ, ಬ್ಯಾಡಾದಾಗ ಹಿತ್ತಾಳಿ” ಎಂದು ಅವರು ಒಂದೇ ಮಾತಿನಲ್ಲಿ ರಸಾಯನಶಾಸ್ತ್ರದ ಪಾಠ ಮುಗಿಸಿದರು. ನಮಗೆ ಬೇರೊಂದು ನೆನಪಾಯಿತು. ಹಿಂದೆ ಬರೆಯುವ ಮಸಿಯನ್ನು ಅಳಲೆಕಾಯಿಯ ಒಗರಿಗೆ ಅನ್ನಭೇದಿ ಕೂಡಿಸಿಯೂ ಮಾಡುತ್ತಿದ್ದರು. ಅನ್ನಭೇದಿ ಅಂದರೆ ಕಬ್ಬಿಣದ ಉಪ್ಪು. ಲಿಪಿಕಾರನ ದೌತಿಯ ಕಪ್ಪು, ಮಾದಾರನ ಅಟ್ಟೆಯ ಅಂಚಿನ ಕಪ್ಪು ಎರಡೂ ಒಂದೇ. ಒಂದನ್ನು ವಿದ್ಯೆ ಎಂದರು, ಇನ್ನೊಂದನ್ನು ಮೈಲಿಗೆ ಎಂದರು. ಇದು ವಸ್ತುವಿನ ಗುಣವಲ್ಲ, ಹೆಸರಿಟ್ಟವರ ಗುಣ.

ಈಗ ಚೆನ್ನಯ್ಯನ ಅಂಕಿತಕ್ಕೆ ಬರೋಣ. ಹತಾರವನ್ನು ಅಳೆದು, ಅರೆದು, ತಿದ್ದಿ ಮಾಡಿಕೊಂಡವನು ಹತಾರದ ಒಡೆಯ. ಅದನ್ನು ಹುಟ್ಟಿನಿಂದಲೇ ಕೈಗೆ ಕಟ್ಟಿ, ಇದನ್ನು ಬಿಟ್ಟು ಬೇರೆ ಮುಟ್ಟಬೇಡ ಎಂದಾಗ ಮಾತ್ರ ಅವನು ಅದರ ಆಳಾಗುತ್ತಾನೆ. ಚೆನ್ನಯ್ಯ ಹತಾರಗಳನ್ನು ಹೆಸರು ಹಿಡಿದು ಕರೆಯುತ್ತಾನೆ, ಅದೇ ಉಸಿರಿನಲ್ಲಿ ಅವುಗಳ ಆಳಾಗಬೇಡ ಎನ್ನುತ್ತಾನೆ. ಕೆಲಸ ಬಲ್ಲವನೇ ಆಡಿದ ಬಂಡಾಯದ ಮಾತು ಇದು. ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಮೆಟ್ಟು ಮಾಡಿದ ಕಥೆಯನ್ನೂ ಹೀಗೇ ಓದಬೇಕಿತ್ತು. ತ್ಯಾಗಕ್ಕೆ ಕಣ್ಣೀರು ಹಾಕಿದೆವು, ಆ ಮೆಟ್ಟು ಹೊಲಿದ ಕೈಗಳ ವಿದ್ಯೆಯನ್ನು ಮರೆತೆವು.

ನಮ್ಮ ಸಂಗಾತಿಗಳೇ ಇಲ್ಲಿ ತಡೆಯುತ್ತಾರೆ. 1927ರಲ್ಲಿ ಮಹಾಡದಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ, ಎಂಜಲಿಗೆ ಕೈಯೊಡ್ಡಬೇಡಿ ಎಂದರಲ್ಲ, ನೀವು ಮತ್ತೆ ತೊಗಲಿನ ಗುಣಗಾನ ಮಾಡುತ್ತೀರಾ ಎಂದು. ಪ್ರಶ್ನೆ ನ್ಯಾಯವಾದದ್ದು. ಕುಲಕಸುಬಿನ ಹಾಡು ಹಾಡಿ ನಮ್ಮವರನ್ನು ಕೇರಿಯಲ್ಲೇ ಕೂರಿಸುವವರನ್ನು ಬೇಕಾದಷ್ಟು ಕಂಡಿದ್ದೇವೆ. ನಮ್ಮ ಉತ್ತರ ಇಷ್ಟೇ: ಹೇರಿದ ಕೆಲಸವನ್ನು ಬಿಡುವುದು ಹಕ್ಕು, ಗಳಿಸಿದ ಜ್ಞಾನಕ್ಕೆ ಲೆಕ್ಕ ಕೇಳುವುದೂ ಹಕ್ಕು. ಒಂದಕ್ಕಾಗಿ ಇನ್ನೊಂದನ್ನು ಬಿಟ್ಟುಕೊಡಬೇಕಿಲ್ಲ.

ಬಿಟ್ಟುಕೊಟ್ಟರೆ ಏನಾಗುತ್ತದೆ ನೋಡಿ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಅದರಲ್ಲಿವೆ. 2025ರ ಜೂನಿನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನಿನಲ್ಲಿ ಅದೇ ಚಹರೆಯ ಚಪ್ಪಲಿ ತೋರಿಸಿದಾಗ ಮೂಲದ ಹೆಸರೇ ಇರಲಿಲ್ಲ. ಗದ್ದಲವಾದ ಮೇಲೆ ಒಪ್ಪಿಕೊಂಡಿತು. ಊರಿನ ಹೆಸರು ಬಂತು. ಅಂಚು ತೀಡಿದ ಕೈಯ ಹೆಸರು ಬರಲಿಲ್ಲ.

ನಮ್ಮ ತಪ್ಪನ್ನೂ ಹೇಳಿಬಿಡೋಣ. 1979ರಲ್ಲಿ ಬಂಡಾಯ ಸಂಘಟನೆ ಹುಟ್ಟಿದಾಗ ಕಾವ್ಯಕ್ಕೆ ಖಡ್ಗದ ರೂಪ ಬೇಕೆಂದು ಕೂಗಲಾಯಿತು. ಆ ಕೂಗು ಆಗ ಬೇಕಿತ್ತು. ಆದರೆ ಖಡ್ಗ ದೊರೆಯ ಹತಾರ. ನಮ್ಮವರು ಅದಕ್ಕೆ ತೊಗಲಿನ ಒರೆ ಹೊಲಿದವರು. ನಮ್ಮ ಸ್ವಂತ ಹತಾರಗಳು ಮೂಲೆಯಲ್ಲೇ ಬಿದ್ದಿದ್ದರೂ ನಾವು ಪರರ ಹತಾರವನ್ನು ಎತ್ತಿ ಹಿಡಿದೆವು.

ಹಳ್ಳಿ ಶಾಲೆಯ ಮೇಷ್ಟ್ರುಗಳಿಗೆ ಒಂದು ಮಾತು. ಚೆನ್ನಯ್ಯನ ಪಾಠ ಬಂದ ದಿನ ಕೇರಿಯ ಹುಡುಗನನ್ನು ಎಬ್ಬಿಸಿ ನಿಮ್ಮಪ್ಪನ ಹತಾರ ತಾ ಎನ್ನಬೇಡಿ. ಅದು ಅವನನ್ನು ಮತ್ತೆ ಕೆಳಗೆ ಕೂರಿಸಿದಂತೆ. ಒಂದು ತುಂಡು ಹಿತ್ತಾಳೆ, ಒಂದು ದುಂಡು ಅರ ನೀವೇ ತನ್ನಿ. ಗೌಡರ ಮಗ, ಐನೋರ ಮಗಳು, ಕೇರಿಯ ಹುಡುಗ ಎಲ್ಲರೂ ಸರದಿಯಲ್ಲಿ ಉಜ್ಜಲಿ. ಎಲ್ಲರ ಬೆರಳೂ ಒಂದಿಷ್ಟು ಕಪ್ಪಾಗಲಿ. ಅಂಕಿತದ ಅರ್ಥವನ್ನು ಆಮೇಲೆ ಬೋರ್ಡಿನ ಮೇಲೆ ಬರೆದರಾಯಿತು.