ಪತ್ತೇದಾರಿ ಕಥಾಮಾಲೆಯ ಓದೂ ವಿಮರ್ಶೆಯೂ

ಒಬ್ಬನೇ ನಾಯಕನನ್ನು ಆಶ್ರಯಿಸಿ ದಶಕಗಟ್ಟಲೆ ಬೆಳೆಯತಕ್ಕ ಪತ್ತೇದಾರಿ ಕಾದಂಬರಿಗಳ ಮಾಲೆಯನ್ನು ಯಾವ ಮಾನದಿಂದ ಅಳೆಯಬೇಕೆಂಬ ಪ್ರಶ್ನೆಯು ಕನ್ನಡ ವಿಮರ್ಶೆಯಲ್ಲಿ ವಿಶೇಷವಾಗಿ ಚರ್ಚೆಗೆ ಬಂದಂತೆ ತೋರುವುದಿಲ್ಲ. ಅಳೆಯಲು ವಸ್ತುವಿಲ್ಲವೆಂದಲ್ಲ. ಎನ್. ನರಸಿಂಹಯ್ಯನವರು ೧೯೫೨ರಲ್ಲಿ ಪತ್ತೇದಾರ ಪುರುಷೋತ್ತಮನನ್ನು ಮೊದಲ ಬಾರಿಗೆ ವಾಚಕರ ಮುಂದೆ ನಿಲ್ಲಿಸಿದರು. ನಾಲ್ಕನೆಯ ತರಗತಿಯವರೆಗೆ ಮಾತ್ರ ಶಾಲೆಯನ್ನು ಕಂಡಿದ್ದ ಈ ಗ್ರಂಥಕರ್ತರು ೨೦೧೧ರ ಡಿಸೆಂಬರಿನಲ್ಲಿ ಕಾಲವಶರಾಗುವ ವೇಳೆಗೆ ಅವರ ಹೆಸರಿನಲ್ಲಿ ಐನೂರಕ್ಕೂ ಮಿಕ್ಕ ಕಾದಂಬರಿಗಳಿದ್ದವು. ಇಷ್ಟು ದೊಡ್ಡ ರಾಶಿಗೆ ವಿದ್ವಾಂಸರು ಸಾಮಾನ್ಯವಾಗಿ ಸಲ್ಲಿಸುತ್ತ ಬಂದಿರುವ ಮಾತುಗಳು ಎರಡು: ಇವರು ಕನ್ನಡಕ್ಕೆ ವಾಚಕರನ್ನು ದೊರಕಿಸಿಕೊಟ್ಟರೆಂಬುದು ಒಂದು, ಇದು ಸಾಹಿತ್ಯದ ಮೆಟ್ಟಿಲನ್ನು ಹತ್ತಲಿಲ್ಲವೆಂಬುದು ಇನ್ನೊಂದು. ಮೊದಲನೆಯದು ಪುಸ್ತಕಗಳ ಪ್ರಶಂಸೆಯಲ್ಲ, ಅವುಗಳ ಮಾರಾಟದ ಪ್ರಶಂಸೆ. ಎರಡನೆಯದು ಓದಿ ಹೇಳಿದುದಾದರೆ ಗೌರವಕ್ಕೆ ಪಾತ್ರವಾದ ತೀರ್ಪು; ಆದರೆ ಐನೂರರಲ್ಲಿ ಎಷ್ಟನ್ನು ಓದಿ, ಯಾವ ಕ್ರಮದಲ್ಲಿ ಓದಿ, ಹೀಗೆ ಹೇಳಲಾಯಿತೆಂಬುದನ್ನು ಯಾರೂ ಬರೆದಿಡುವ ವಾಡಿಕೆಯಿಲ್ಲ.

ಓದಿನ ಕ್ರಮದ ವಿಚಾರವು ಸಣ್ಣದಲ್ಲ. ಅದನ್ನು ಒಂದು ಊರಿನ ನಿದರ್ಶನದಿಂದ ನೋಡುವುದು ಅನುಕೂಲ. ಯಲಹಂಕದಿಂದ ಹಿಂದೂಪುರದ ಕಡೆಗೆ ಹೋಗುವ ರೈಲುಮಾರ್ಗದಲ್ಲಿ, ದೊಡ್ಡಬಳ್ಳಾಪುರ ಮತ್ತು ಮಾಕಳಿದುರ್ಗಗಳನ್ನು ದಾಟಿದ ಮೇಲೆ, ಗೌರಿಬಿದನೂರಿಗೆ ಮುಂಚೆ ತೊಂಡೇಬಾವಿಯ ನಿಲ್ದಾಣವಿದೆ. ಇದು ಒಂದು ಹೋಬಳಿ. ೨೦೦೭ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯು ಬೇರೆಯಾಗುವವರೆಗೆ ಕೋಲಾರ ಜಿಲ್ಲೆಗೆ ಸೇರಿತ್ತು. ಪುರುಷೋತ್ತಮನು ಹುಟ್ಟಿದ ವರ್ಷದಲ್ಲಿ ಈ ಮಾರ್ಗವು ಇನ್ನೂ ಮೀಟರ್ ಗೇಜಿನದು. ಹಿಂದೂಪುರವು ಮದರಾಸು ಸಂಸ್ಥಾನದಲ್ಲಿತ್ತು. ಈ ಸೀಮೆಯಲ್ಲಿ ಅನೇಕರಿಗೆ ಮನೆಯ ಮಾತು ತೆಲುಗು, ಶಾಲೆಯ ಮಾತು ಕನ್ನಡ. ಇಂಥ ಊರಿನ ವಾಚಕನಿಗೆ ಮಾಲೆಯ ಮೊದಲನೆಯ ಪುಸ್ತಕವು ಮೊದಲು ಸಿಕ್ಕುತ್ತದೆಂಬ ನಂಬಿಕೆಯೇನಿಲ್ಲ. ರೈಲಿನಲ್ಲಿ ಬಂದವರು ಬಿಟ್ಟುಹೋದದ್ದು, ಬಾಡಿಗೆಗೆ ಪುಸ್ತಕ ಕೊಡುವ ಅಂಗಡಿಯಲ್ಲಿ ಆ ದಿನ ಉಳಿದದ್ದು, ರಟ್ಟೂ ಕೊನೆಯ ಹಾಳೆಯೂ ಹೋದದ್ದು, ಹೀಗೆ ಕೈಗೆ ಬಂದುದೇ ಆತನಿಗೆ ಮೊದಲನೆಯದು. ಹೀಗೆ ನಡುವೆ ಹೊಕ್ಕವನಿಗೂ ನಾಯಕನ ಪರಿಚಯವು ಎರಡು ಪುಟಗಳೊಳಗೆ ಆಗಿಬಿಡುವಂತೆ ಬರೆಯುವುದು ಮಾಲಾಕರ್ತನ ಮೊದಲ ಕೌಶಲ. ಬಿಡಿ ಕಾದಂಬರಿಯನ್ನು ಅಳೆಯುವ ವಿಮರ್ಶಕನು ಇದನ್ನೇ 'ಪುನರುಕ್ತಿ'ಯೆಂದು ಗುರುತುಹಾಕುತ್ತಾನೆ. ಅವನು ಒಂದೇ ಮೇಜಿನ ಮೇಲೆ ಹತ್ತು ಪುಸ್ತಕಗಳನ್ನು ಇಟ್ಟುಕೊಂಡು ಒಂದೇ ವಾರದಲ್ಲಿ ಓದಿದವನು. ಆ ಪುಸ್ತಕಗಳು ಹುಟ್ಟಿದ್ದು ಅಂಥ ಓದಿಗಾಗಿ ಅಲ್ಲ.

ಪರಿಚಯವನ್ನು ಬೇಗನೆ ಮಾಡಿಸುವ ಉಪಾಯಗಳಲ್ಲಿ ಹೆಸರು ಮುಖ್ಯವಾದುದು. ನರಸಿಂಹಯ್ಯನವರ ಪತ್ತೇದಾರರಲ್ಲಿ ಪುರುಷೋತ್ತಮ, ಮಧುಸೂದನ, ಅರಿಂಜಯ ಎಂಬವರು ಪ್ರಸಿದ್ಧರು. ಇವರಲ್ಲಿ ಮೊದಲಿಬ್ಬರ ಹೆಸರುಗಳು ಆಚಮನ ಕಾಲದಲ್ಲಿ ಹೇಳುವ ಕೇಶವಾದಿ ಇಪ್ಪತ್ತನಾಲ್ಕು ನಾಮಗಳೊಳಗಿನವು. ಅದೇ ಸಾಲಿನಲ್ಲಿ ಪುರುಷೋತ್ತಮನಾದ ಮೇಲೆ ಅಧೋಕ್ಷಜ, ಅವನಾದ ಮೇಲೆ ನಾರಸಿಂಹ. ಅಂದರೆ ಗ್ರಂಥಕರ್ತರ ಹೆಸರೂ ನಾಯಕನ ಹೆಸರಿಗೆ ಎರಡು ಹೆಜ್ಜೆ ದೂರದಲ್ಲಿಯೇ ಇದೆ. ಇದು ಆಕಸ್ಮಿಕವಿದ್ದೀತು. ಆದರೂ ಮಧುವೆಂಬ ದೈತ್ಯನನ್ನು ಕೊಂದವನು, ಅರಿಗಳನ್ನು ಜಯಿಸಿದವನು ಎಂಬ ಅರ್ಥಗಳು ಕನ್ನಡ ವಾಚಕನಿಗೆ ನಿಘಂಟಿಲ್ಲದೆ ತಿಳಿಯುತ್ತವೆ. ದುಷ್ಟಶಿಕ್ಷಣವು ನಡೆದೇ ತೀರುವುದೆಂಬ ಭರವಸೆಯು ರಟ್ಟಿನ ಮೇಲೆಯೇ ಮುದ್ರಿತವಾಗಿದೆ. ಇನ್ನು 'ಪತ್ತೇದಾರ' ಎಂಬ ಬಿರುದು: ಗುರುತು, ವಿಳಾಸ ಎಂಬರ್ಥದ 'ಪತ್ತೆ'ಗೆ ಪಾರಸಿಯ 'ದಾರ' ಪ್ರತ್ಯಯವು ಸೇರಿ, ಜಮೀನ್ದಾರ, ಹವಲ್ದಾರಗಳ ಪಂಕ್ತಿಯಲ್ಲಿ ನಿಂತ ಶಬ್ದವಿದು. ಹೀಗೆ ಅರ್ಧ ದೇವಸ್ಥಾನದಿಂದಲೂ ಅರ್ಧ ಕಚೇರಿಯಿಂದಲೂ ಬಂದ ಹೆಸರು ಪತ್ತೇದಾರ ಪುರುಷೋತ್ತಮ. ಬಂಗಾಳದ ಶರದಿಂದು ಬಂದ್ಯೋಪಾಧ್ಯಾಯರು ೧೯೩೨ರಲ್ಲಿ ಸೃಷ್ಟಿಸಿದ ವ್ಯೋಮಕೇಶನು ಶಿವನ ಹೆಸರಿನವನಾದರೂ ಪತ್ತೇದಾರನೆಂಬ ಮಾತನ್ನು ಒಲ್ಲದೆ 'ಸತ್ಯಾನ್ವೇಷಿ'ಯೆಂದು ಕರೆದುಕೊಂಡನು. ಕಚೇರಿಯ ವಾಸನೆ ಅವನಿಗೆ ಬೇಡವಾಗಿತ್ತು. ಕನ್ನಡದ ನಾಯಕನಿಗೆ ಅಂಥ ಸಂಕೋಚವಿಲ್ಲ.

ಕಳವು ಮತ್ತು ಶೋಧನೆಯ ಕಥೆಯು ಇಂಗ್ಲಿಷಿನಿಂದ ಇಳಿದು ಬಂದ ಹೊಸ ಸರಕೆಂಬ ಭಾವನೆಯೂ ಬಲವಾಗಿದೆ. ಮೈಸೂರಿನ ಎಂ. ವೆಂಕಟಕೃಷ್ಣಯ್ಯನವರ 'ಚೋರಗ್ರಹಣ ತಂತ್ರ'ವು ಹುಟ್ಟಿದ ಕಾಲವನ್ನು ನೋಡಿದರೆ ಆ ಮಾತಿನಲ್ಲಿ ಸತ್ಯಾಂಶವಿದೆ. ಆದರೆ ಶಿವಕೋಟ್ಯಾಚಾರ್ಯನ ಹೆಸರಿನಲ್ಲಿ ಪ್ರಸಿದ್ಧವಾದ ವಡ್ಡಾರಾಧನೆಯ ಹತ್ತೊಂಬತ್ತು ಕಥೆಗಳಲ್ಲಿ ವಿದ್ಯುಚ್ಚೋರನೆಂಬ ರಿಸಿಯ ಕಥೆಯೂ ಒಂದಷ್ಟೆ. ಅಲ್ಲಿ ಅರಮನೆಯ ಕಳವು ಇದೆ. ಗೊತ್ತುಪಡಿಸಿದ ದಿನಗಳೊಳಗೆ ಕಳ್ಳನನ್ನು ಹಿಡಿಯಬೇಕೆಂಬ ರಾಜಾಜ್ಞೆಗೆ ಸಿಕ್ಕಿದ ತಳಾರ ಯಮದಂಡನಿದ್ದಾನೆ. ವೇಷದ ಮರೆಯಲ್ಲಿ ಪಟ್ಟಣದಲ್ಲಿಯೇ ಉಳಿದಿರುವ ಕಳ್ಳನೂ ಇದ್ದಾನೆ. ಕಳ್ಳನೂ ತಳಾರನೂ ಬಾಲ್ಯದಲ್ಲಿ ಜೊತೆಗೂಡಿ ಬೆಳೆದವರೆಂಬುದು ಕಥೆಯ ಮರ್ಮ. ಇಪ್ಪತ್ತನೆಯ ಶತಮಾನದ ಯಾವ ಪತ್ತೇದಾರಿ ಲೇಖಕನಾದರೂ ಈ ಸಾಮಗ್ರಿಯನ್ನು ಸಂತೋಷದಿಂದ ಸ್ವೀಕರಿಸುತ್ತಿದ್ದನು. ಆದರೆ ಕಳ್ಳನ ಹೆಸರನ್ನು ಮಾತ್ರ ಕೊನೆಯ ಪ್ರಕರಣದವರೆಗೆ ಮುಚ್ಚಿಡುತ್ತಿದ್ದನು. ಹಳಗನ್ನಡದ ಕಥೆಗಾರನು ಅದನ್ನು ಕಥೆಯ ಹೆಸರಿನಲ್ಲಿಯೇ ಹೇಳಿಬಿಡುತ್ತಾನೆ, ಅವನು ಕೊನೆಗೆ ರಿಸಿಯಾದುದನ್ನೂ ಅಲ್ಲಿಯೇ ಸೇರಿಸುತ್ತಾನೆ. ಅವನ ಆಸಕ್ತಿಯು ಕದ್ದವನು ಯಾರೆಂಬುದರಲ್ಲಿ ಇಲ್ಲ, ಕದ್ದವನು ಏನಾದನೆಂಬುದರಲ್ಲಿದೆ. ಈ ಎರಡು ಕುತೂಹಲಗಳ ಭೇದವನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಾಲೆಗಳನ್ನು ಓದುವ ಒಂದು ದಾರಿ ಕಾಣುತ್ತದೆ. ಬಿಡಿ ಪುಸ್ತಕವು ಮೊದಲನೆಯ ಕುತೂಹಲದಿಂದ ನಡೆಯುತ್ತದೆ. ಹದಿನೈದನೆಯ ಪುಸ್ತಕವನ್ನು ಕೈಗೆತ್ತಿಕೊಳ್ಳುವವನು ಎರಡನೆಯದಕ್ಕಾಗಿ ಬಂದವನು. ಅವನು ವಿಚಾರಿಸುವುದು ಅಪರಾಧಿಯ ಗತಿಯನ್ನಲ್ಲ, ಪತ್ತೇದಾರನ ಗತಿಯನ್ನು.

ಪಾಶ್ಚಾತ್ಯ ಮಾಲೆಗಳ ಚರಿತ್ರೆಯು ಇದನ್ನೇ ತೋರಿಸುತ್ತದೆ. ಕಾನನ್ ಡಾಯಲ್ ೧೮೮೭ರಲ್ಲಿ ಷೆರ್ಲಾಕ್ ಹೋಮ್ಸನನ್ನು ತಂದು, ೧೮೯೩ರಲ್ಲಿ ಬೇಸರದಿಂದ ಜಲಪಾತಕ್ಕೆ ಕೆಡಹಿ, ೧೯೦೩ರಲ್ಲಿ ವಾಚಕರ ಒತ್ತಾಯಕ್ಕೆ ಮರಳಿ ಎಬ್ಬಿಸಿ, ೧೯೨೭ರವರೆಗೆ ನಡೆಸಿದನು: ನಾಲ್ಕು ಕಾದಂಬರಿ, ಐವತ್ತಾರು ಕಥೆ. ಡಾಕ್ಟರ್ ವಾಟ್ಸನನ ಗುಂಡಿನ ಗಾಯವು ಮೊದಲ ಪುಸ್ತಕದಲ್ಲಿ ಹೆಗಲಿನಲ್ಲಿದ್ದು ಎರಡನೆಯದರಲ್ಲಿ ಕಾಲಿಗೆ ಇಳಿದಿದೆ. ಜಾನ್ ಎಂಬ ಹೆಸರಿನ ಅವನನ್ನು ಒಂದು ಕಥೆಯಲ್ಲಿ ಹೆಂಡತಿಯು ಜೇಮ್ಸ್ ಎಂದು ಕರೆಯುತ್ತಾಳೆ. ಗ್ರಂಥಕರ್ತನು ಇವನ್ನು ತಿದ್ದುವ ಗೋಜಿಗೆ ಹೋಗಲಿಲ್ಲ. ಆದರೆ ೧೯೧೧ರಲ್ಲಿ ರೊನಾಲ್ಡ್ ನಾಕ್ಸ್ ಎಂಬ ವಿದ್ವಾಂಸನು ಆಕ್ಸ್‌ಫರ್ಡಿನ ಒಂದು ಗೋಷ್ಠಿಯಲ್ಲಿ ಈ ಕಥೆಗಳೆಲ್ಲವನ್ನೂ ಒಂದೇ ಗ್ರಂಥವೆಂಬಂತೆ ಹಿಡಿದು, ಬೈಬಲಿನ ಪಾಠಪರಿಷ್ಕಾರಕ್ಕೆ ಬಳಸುವ ಶಾಸ್ತ್ರೀಯ ಗಾಂಭೀರ್ಯವನ್ನೆಲ್ಲ ಪರಿಹಾಸಕ್ಕಾಗಿ ಹೂಡಿ, ಒಂದೊಂದು ಕಥೆಗೂ ಹನ್ನೊಂದು ಅಂಗಗಳಿವೆಯೆಂದು ಗ್ರೀಕ್ ಹೆಸರುಗಳೊಡನೆ ವಿಂಗಡಿಸಿ ಓದಿದನು. ಉದ್ದೇಶವು ನಗೆಯಾಗಿದ್ದರೂ ಫಲವು ನಗೆಯಾಗಲಿಲ್ಲ. ಮಾಲೆಯೊಂದನ್ನು ಸಮಗ್ರವಾಗಿ ಓದಬಹುದೆಂದೂ, ಅಸಂಗತಿಗಳನ್ನು ದೋಷವೆಂದು ತಳ್ಳದೆ ಪ್ರಮಾಣವೆಂದು ಕೂಡಿಡಬಹುದೆಂದೂ ಅಂದಿನಿಂದ ವಾಚಕರಿಗೆ ತಿಳಿಯಿತು.

ಕಾಲವನ್ನು ನಡೆಸುವ ರೀತಿಯಲ್ಲಿ ಮಾಲೆಗಳು ಒಂದೊಂದು ಬಗೆ. ಅಗಾಥಾ ಕ್ರಿಸ್ಟಿಯ ಪೊಯ್ರೋ ೧೯೨೦ರಲ್ಲಿ ಬೆಲ್ಜಿಯಂ ಪೊಲೀಸು ಕೆಲಸದಿಂದ ನಿವೃತ್ತನಾದವನಾಗಿಯೇ ಪ್ರವೇಶಿಸಿ ೧೯೭೫ರವರೆಗೆ ದುಡಿದನು. ಲೆಕ್ಕ ಹಾಕುವವರಿಗೆ ಅವನ ವಯಸ್ಸು ನೂರನ್ನು ಮೀರುತ್ತದೆ. ವ್ಯೋಮಕೇಶನಾದರೋ ಒಂದು ಶೋಧನೆಯ ಮಧ್ಯದಲ್ಲಿ ಕಂಡ ಸತ್ಯವತಿಯನ್ನು ಮದುವೆಯಾಗಿ, ಮಗನನ್ನು ಪಡೆದು, ಸಂಸಾರಸ್ಥನಾಗುತ್ತಾನೆ. ಸ್ವೀಡನ್ನಿನ ಷೊವಾಲ್ ಮತ್ತು ವಾಲೂ ಎಂಬವರು ೧೯೬೫ರಿಂದ ೧೯೭೫ರವರೆಗೆ ಬರೆದ ಹತ್ತು ಕಾದಂಬರಿಗಳಿಗೆ ಒಟ್ಟಾಗಿ ಒಂದೇ ಹೆಸರಿಟ್ಟು, ಹತ್ತು ಭಾಗಗಳ ಒಂದೇ ಗ್ರಂಥವೆಂದು ಭಾವಿಸಿದರು. ಈ ಮೂವರನ್ನು ಒಂದೇ ತಕ್ಕಡಿಯಲ್ಲಿ ತೂಗಿದವನು ಮೂವರಿಗೂ ಅನ್ಯಾಯವನ್ನೇ ಮಾಡುತ್ತಾನೆ. ವಯಸ್ಸಾಗದ ನಾಯಕನನ್ನು ಮನೋವಿಕಾಸವಿಲ್ಲವೆಂದು ಹಳಿಯುವುದು, ಯಕ್ಷಗಾನದ ಬಣ್ಣದ ವೇಷಕ್ಕೆ ದಿನದಿನವೂ ಮುಖ ಬದಲಾಗಲಿಲ್ಲವೆಂದು ಹಳಿದಂತೆ.

ಪುಸ್ತಕ ವಿಮರ್ಶೆಯು ಈ ವರ್ಗದಲ್ಲಿ ತೆಳುವಾಗಿರುವುದಕ್ಕೆ ಇನ್ನೊಂದು ಕಾರಣವೂ ಉಂಟು. ಕೊನೆಯ ರಹಸ್ಯವನ್ನು ಹೊರಗೆಡಹಬಾರದೆಂಬ ಮರ್ಯಾದೆಗೆ ವಿಮರ್ಶಕರು ಬದ್ಧರು. ವಾರಪತ್ರಿಕೆಯ ಪುಸ್ತಕ ಪರಿಚಯಕ್ಕೆ ಈ ಮರ್ಯಾದೆ ಯುಕ್ತವಾದುದೇ. ಆದರೆ ರಹಸ್ಯವನ್ನು ಹೇಳದೆ ಕಥಾಸಂವಿಧಾನವನ್ನು ಪರೀಕ್ಷಿಸುವುದು ಅಸಾಧ್ಯ: ಸುಳಿವುಗಳನ್ನು ವಾಚಕನ ಕಣ್ಣೆದುರಿಗೆ ಇಟ್ಟಿದ್ದಾರೆಯೆ, ಅಥವಾ ಕೊನೆಯ ಪ್ರಕರಣದಲ್ಲಿ ಎಲ್ಲಿಂದಲೋ ತಂದು ಸುರಿದಿದ್ದಾರೆಯೆ ಎಂಬುದು ಪರಿಹಾರವನ್ನು ಮುಂದಿಟ್ಟುಕೊಂಡೇ ತಿಳಿಯಬೇಕಾದ ಸಂಗತಿ. ಹೀಗಾಗಿ ಪರಿಚಯಕಾರನು 'ಕುತೂಹಲಕಾರಿಯಾಗಿದೆ' ಎಂದು ನಿಲ್ಲಿಸುತ್ತಾನೆ. ಅದನ್ನು ಮುಂದುವರಿಸಬೇಕಾದ ಸಂಶೋಧಕನು ಬರುವುದೇ ಇಲ್ಲ. ಪ್ರಕಟವಾಗಿ ಅರವತ್ತು, ಎಪ್ಪತ್ತು ವರ್ಷಗಳಾದ ಪುಸ್ತಕಕ್ಕೆ ಈ ಮೌನದ ಅಗತ್ಯವಿಲ್ಲ.

ಅಂಥ ಪರೀಕ್ಷೆಗೆ ಹೊರಟವನಿಗೆ ಕಾಯಿದೆಯ ಪುಸ್ತಕವೂ ಒಂದು ಒರೆಗಲ್ಲು. ೧೮೭೨ರ ಸಾಕ್ಷ್ಯ ಕಾಯಿದೆಯ ೨೫ನೆಯ ಕಲಮಿನಂತೆ ಪೊಲೀಸು ಅಧಿಕಾರಿಯೆದುರಿಗೆ ಆರೋಪಿಯು ಕೊಟ್ಟ ತಪ್ಪೊಪ್ಪಿಗೆಯನ್ನು ಅವನ ಮೇಲೆ ರುಜುಪಡಿಸುವಂತಿರಲಿಲ್ಲ. ೨೬ನೆಯದರಂತೆ ಪೊಲೀಸರ ವಶದಲ್ಲಿದ್ದಾಗ ಯಾರೆದುರಿಗೆ ಹೇಳಿದರೂ, ಮ್ಯಾಜಿಸ್ಟ್ರೇಟರ ಸಮಕ್ಷಮವಲ್ಲದಿದ್ದರೆ, ಅದೇ ಗತಿ. ೨೦೨೪ರ ಜುಲೈ ೧ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ ೨೩ನೆಯ ಕಲಮಿನಲ್ಲಿ ಇದೇ ನಿಯಮವು ಮುಂದುವರಿದಿದೆ. ಹಾಗಾದರೆ ಖಾಸಗಿ ಪತ್ತೇದಾರನ ಎದುರಿಗೆ, ಬೇಡಿ ಬೀಳುವ ಮುಂಚೆ, ಅಪರಾಧಿಯು ಒಪ್ಪಿಕೊಳ್ಳುವ ದೃಶ್ಯವು ನಾಟಕೀಯವಾದುದಷ್ಟೇ ಅಲ್ಲ, ಅದಕ್ಕೆ ನ್ಯಾಯಾಲಯದಲ್ಲಿ ಸ್ವಲ್ಪವಾದರೂ ಬೆಲೆಯುಂಟು. ಅದೇ ಒಪ್ಪಿಗೆಯು ಇನ್‌ಸ್ಪೆಕ್ಟರು ಬೇಡಿ ತೊಡಿಸಿದ ಮೇಲೆ ಬಂದರೆ ಕಥೆ ಮುಗಿದೀತು, ಮೊಕದ್ದಮೆ ನಿಲ್ಲದು. ಕಥಾಂತ್ಯದಲ್ಲಿ ಬೇಡಿ ಮೊದಲೋ ಮಾತು ಮೊದಲೋ ಎಂಬ ಒಂದು ಸಣ್ಣ ಅಂಶವನ್ನು ಮಾಲೆಯುದ್ದಕ್ಕೂ ಗುರುತಿಸುತ್ತ ಹೋದರೆ, ಲೇಖಕನು ತನ್ನ ನಾಡಿನ ಠಾಣೆ, ಕೋರ್ಟುಗಳನ್ನು ಬಲ್ಲನೋ ಅಥವಾ ಲಂಡನ್ನಿನ ಕಥೆಗೆ ಬೆಂಗಳೂರಿನ ಬೀದಿಗಳ ಹೆಸರನ್ನು ಮಾತ್ರ ಅಂಟಿಸಿದನೋ ಎಂಬುದು ಹೊರಬೀಳುತ್ತದೆ.

ಐನೂರು ಕಾದಂಬರಿಗಳಲ್ಲಿ ಎಲ್ಲವೂ ಉಳಿಯತಕ್ಕವೆಂದು ವಾದಿಸುವುದು ಹಾಸ್ಯಾಸ್ಪದ. ತಿಂಗಳಿಗೊಂದರಂತೆ ಬರೆದರೂ ನಲವತ್ತು ವರ್ಷಗಳನ್ನು ಮೀರುವ ಸಂಖ್ಯೆಯಿದು. ಅವಸರವು ಇಂಥ ಬರವಣಿಗೆಯಲ್ಲಿ ಅನಿವಾರ್ಯ. ನಾಯಕನ ಹೆಸರನ್ನು ಹೊಡೆದು ಬೇರೊಂದನ್ನು ಬರೆದರೂ ಏನೂ ಕೆಡದ ಪುಸ್ತಕವು ಮಾಲೆಗೆ ಸೇರಿದುದಲ್ಲ, ಸಂಖ್ಯೆಗೆ ಸೇರಿದುದು. ಹಾಗೆ ಸೋಸಿದ ಮೇಲೆ ಇಪ್ಪತ್ತೋ ಮೂವತ್ತೋ ಉಳಿದರೂ, ಒಬ್ಬ ಲೇಖಕನಿಗೆ ಅದು ಅಲ್ಪವಲ್ಲ.

ಸೋಸುವುದಕ್ಕೆ ಮೊದಲು ರಾಶಿಯು ಒಂದೆಡೆ ಇರಬೇಕು. ಅಗ್ಗದ ಕಾಗದದ ಮೇಲೆ ಅಚ್ಚಾಗಿ, ನೂರಾರು ಕೈಗಳಲ್ಲಿ ತಿರುಗಿದ ಪುಸ್ತಕಗಳಿವು. ಅತಿಯಾಗಿ ಓದಿಸಿಕೊಂಡ ಪ್ರತಿಯೇ ಮೊದಲು ಹಾಳಾಗುವುದು. ಪ್ರಕಟವಾದ ಪುಸ್ತಕಗಳನ್ನು ರಾಷ್ಟ್ರೀಯ ಗ್ರಂಥಾಲಯಕ್ಕೆ ಒಪ್ಪಿಸಬೇಕೆಂಬ ಕಾಯಿದೆಯು ಬಂದುದು ೧೯೫೪ರಲ್ಲಿ, ಅಂದರೆ ಪುರುಷೋತ್ತಮನು ಹುಟ್ಟಿ ಎರಡು ವರ್ಷಗಳಾದ ಮೇಲೆ. ಕನ್ನಡ ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ೧೯೬೭ರಲ್ಲಿ ಬಾವಿ ತೋಡಿಸುತ್ತಿದ್ದಾಗ ಮಣ್ಣು ಕುಸಿದು ಇಬ್ಬರು ಮಕ್ಕಳೊಡನೆ ಅವರು ತೀರಿಹೋದ ಬಳಿಕ ಬಾವುಟವು ಮನೆಮನೆಯ ಮೇಲೆ ಹಾರಿತು. ಕಾದಂಬರಿಗಳನ್ನು ಹುಡುಕುವವರು ವಿರಳ. ಪ್ರಕಟವಾದ ವರ್ಷ, ಮುದ್ರಣಾಲಯ, ಪತ್ತೇದಾರನ ಹೆಸರು, ಪುನರ್ಮುದ್ರಣಗಳು, ಇಷ್ಟನ್ನು ಮಾತ್ರ ಕೊಡುವ ಒಂದು ವರ್ಣನಾತ್ಮಕ ಸೂಚಿಯು ಸಿದ್ಧವಾಗದೆ ಈ ಇಬ್ಬರ ವಿಷಯದಲ್ಲಿಯೂ 'ಬೆಳವಣಿಗೆ', 'ಇಳಿಗಾಲ' ಎಂಬ ಶಬ್ದಗಳನ್ನು ಉಪಯೋಗಿಸುವಂತಿಲ್ಲ. ಯಾವುದು ಮೊದಲು, ಯಾವುದು ಆಮೇಲೆ ಎಂಬುದು ನಿಶ್ಚಯವಾಗದೆ ಏರಿಳಿತದ ಮಾತೇಕೆ?

ಸೂಚಿಯೊಡನೆ ಕೈಗೊಳ್ಳಬೇಕಾದ ಇನ್ನೊಂದು ಕಾರ್ಯವು ಗಡಿಸೀಮೆಯದು. ಪುರುಷೋತ್ತಮನು ಕನ್ನಡದಲ್ಲಿ ಓಡಾಡುತ್ತಿದ್ದ ದಶಕಗಳಲ್ಲಿಯೇ ತೆಲುಗಿನಲ್ಲಿ ಕೊಮ್ಮೂರಿ ಸಾಂಬಶಿವರಾಯರ ಡಿಟೆಕ್ಟಿವ್ ಯುಗಂಧರನು ತನ್ನ ಸಹಾಯಕ ರಾಜುವಿನೊಡನೆ ಮನೆಮಾತಾಗಿದ್ದನು. ಒಬ್ಬನು ಪತ್ತೇದಾರ, ಇನ್ನೊಬ್ಬನು ಡಿಟೆಕ್ಟಿವ್. ಬಿರುದಿನಲ್ಲಿ ಕಾಣುವ ಈ ಭೇದವು ಒಳಗೂ ಇದೆಯೆ ಎಂಬುದನ್ನು ಎರಡೂ ಭಾಷೆಗಳಲ್ಲಿ ಓದಿದವರು ಮಾತ್ರ ಹೇಳಬಲ್ಲರು. ಅಂಥವರು ದೊರೆಯುವುದು ತೊಂಡೇಬಾವಿ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಕಡೆಯಲ್ಲಿ. ೧೯೫೨ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ಎಂಬತ್ತು ದಾಟಿದೆ.