‘ಊರು’: ಸಾಮ್ಯವೂ ಸಂಬಂಧವೂ

ಇತಿಹಾಸದ ವಿದ್ಯಾರ್ಥಿಗಳ ಪ್ರಬಂಧಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಕಾಣಬರುತ್ತದೆ: ಮೆಸೊಪೊಟೇಮಿಯದ ‘ಉರ್’ ನಗರದ ಹೆಸರೂ ನಮ್ಮ ‘ಊರು’ ಎಂಬ ಪದವೂ ಒಂದೇ, ಆದುದರಿಂದ ಸುಮೇರಿಯನ್ನರೂ ದ್ರಾವಿಡರೂ ಒಂದೇ ಮೂಲದವರು. ಒಂದು ಪದದಿಂದ ಜನಾಂಗವೊಂದರ ಚರಿತ್ರೆಯನ್ನೇ ಕಟ್ಟುವ ಈ ತರ್ಕವು ಎಷ್ಟರ ಮಟ್ಟಿಗೆ ನಿಲ್ಲಬಲ್ಲುದೆಂಬುದನ್ನು ಇಲ್ಲಿ ಪರಿಶೀಲಿಸಬಹುದು.

ಮೊದಲು ನಮ್ಮ ಪದ. ತಮಿಳು ಮಲೆಯಾಳಗಳಲ್ಲಿ ‘ಊರ್’, ಕನ್ನಡ ತೆಲುಗು ತುಳುಗಳಲ್ಲಿ ‘ಊರು’. ಅರ್ಥವು ಎಲ್ಲೆಡೆಯೂ ಜನವಸತಿಯೇ. ಬರೋ ಮತ್ತು ಎಮೆನೋ ಅವರು 1961ರಲ್ಲಿ ಹೊರತಂದ ದ್ರಾವಿಡ ನಿಷ್ಪತ್ತಿಕೋಶವು ಇವನ್ನು ಒಂದೆಡೆ ಸೇರಿಸಿದೆ. ಆದರೆ ಈ ಭಾಷೆಗಳ ಬಾಂಧವ್ಯವು ನಿಂತಿರುವುದು ಈ ಒಂದು ಪದದ ಮೇಲಲ್ಲ. ತಮಿಳಿನ ‘ಪಾಲ್, ಪಲ್, ಪುಲಿ’ಗಳಿಗೆ ಹೊಸಗನ್ನಡದಲ್ಲಿ ‘ಹಾಲು, ಹಲ್ಲು, ಹುಲಿ’ ಎಂದಾಗುವಂತಹ ನಿಯತವಾದ ಧ್ವನಿಸಂವಾದಗಳ ಮೇಲೆ ಅದು ನಿಂತಿದೆ.

ಇನ್ನು ಸುಮೇರಿಯನ್ ಪದ. ಲಿಯೊನಾರ್ಡ್ ವೂಲಿಯವರು 1922ರಿಂದ 1934ರ ವರೆಗೆ ಉತ್ಖನನ ಮಾಡಿಸಿದ ಆ ನಗರವನ್ನು ಸುಮೇರಿಯನ್ನರು ಕರೆದುದು ‘ಉರಿಮ್’ ಎಂದು. ‘ನಗರ’ವೆಂಬ ಅರ್ಥದ ಅವರ ಸಾಮಾನ್ಯ ಪದವೇ ಬೇರೆ, ಅದನ್ನು ವಿದ್ವಾಂಸರು ‘ಉರು’ ಅಥವಾ ‘ಇರಿ’ ಎಂದು ಓದುತ್ತಾರೆ. ಹಾಗಾದರೆ ಈ ‘ಉರು’ವಾದರೂ ನಮ್ಮ ‘ಊರು’ ಅಲ್ಲವೆ ಎಂದು ಕೇಳಬಹುದು. ಆದರೆ ಬಾಸ್ಕ್ ಭಾಷೆಯ ‘ಹಿರಿ’ಗೂ ಅದರ ಉಪಭಾಷಾರೂಪವಾದ ‘ಉರಿ’ಗೂ, ಹೀಬ್ರೂವಿನ ‘ಈರ್’ಗೂ ನಗರವೆಂದೇ ಅರ್ಥ. ಇವನ್ನೆಲ್ಲ ಒಂದೇ ಕುಲಕ್ಕೆ ಸೇರಿಸಲು ಯಾರು ಸಿದ್ಧರಿದ್ದಾರೆ? ಪದವು ಚಿಕ್ಕದಾದಷ್ಟೂ ಆಕಸ್ಮಿಕ ಸಾಮ್ಯವು ಸುಲಭ.

ದೂರ ಹೋಗಬೇಕಾಗಿಯೂ ಇಲ್ಲ. ‘ಊರುಭಂಗ’ದ ‘ಊರು’ ಸಂಸ್ಕೃತದ ಪದ, ಅರ್ಥ ತೊಡೆ. ‘ಕಾಲೂರು’ ಎಂಬಲ್ಲಿನ ‘ಊರು’ ನೆಲಕ್ಕೆ ಒತ್ತಿ ನಿಲ್ಲಿಸುವ ಕ್ರಿಯೆ. ನಮ್ಮ ಭಾಷೆಯೊಳಗೇ ತೊಡೆಗೂ ಗ್ರಾಮಕ್ಕೂ ನಂಟಿಲ್ಲದಿರುವಾಗ, ಸಾವಿರಾರು ಮೈಲಿಗಳಾಚೆಯ ಸದೃಶಪದವನ್ನು ನೆಂಟನೆಂದು ಬರಮಾಡಿಕೊಳ್ಳುವುದು ಹೇಗೆ?

ಸಿಂಧೂ ಬಯಲಿಗೂ ಮೆಸೊಪೊಟೇಮಿಯಕ್ಕೂ ಸಂಪರ್ಕವೇ ಇರಲಿಲ್ಲವೆಂದು ಇದರ ಅರ್ಥವಲ್ಲ. ಉರ್ ನಗರದಲ್ಲಿಯೇ ದೊರೆತ ಪ್ರಾಚೀನ ಭಾರತೀಯ ಶೈಲಿಯ ಮುದ್ರೆಗಳನ್ನು ಗ್ಯಾಡ್ ಅವರು 1932ರಲ್ಲಿ ಪ್ರಕಟಿಸಿದರು. ಅವು ವ್ಯಾಪಾರಸಂಪರ್ಕಕ್ಕೆ ಆಧಾರ, ಭಾಷಾಬಾಂಧವ್ಯಕ್ಕಲ್ಲ. ಮುದ್ರೆ ಹೇಳುವುದನ್ನು ಮುದ್ರೆಯಿಂದಲೂ ಪದ ಹೇಳುವುದನ್ನು ಪದದಿಂದಲೂ ಕೇಳಬೇಕು. ಅಭಿಮಾನಕ್ಕೆ ಹಿತವೆನಿಸಿದ ಸಾಮ್ಯವನ್ನೇ ಹೆಚ್ಚು ಕಟ್ಟುನಿಟ್ಟಾಗಿ ಪರೀಕ್ಷಿಸುವ ಅಭ್ಯಾಸವನ್ನು ನಮ್ಮ ತರಗತಿಗಳಲ್ಲಿ ಬೆಳೆಸುವುದು ಅವಶ್ಯ.